ವಾರಂಟಿ ಗಾಡಿಗೆ ಸ್ಕ್ಯಾನಿಂಗ್ ಚಾರ್ಜ್ ಕೇಳಿದಾಗ: ಜಾಬ್ ಕಾರ್ಡಿನಿಂದ ಗ್ರಾಹಕ ಆಯೋಗದವರೆಗೆ

ಎರಡು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ ಸೇಡಂನಿಂದ ಕಲಬುರಗಿಗೆ ಮರಳುತ್ತಿದ್ದಾಗ, ಮಳಖೇಡ ದಾಟಿದ ಸ್ವಲ್ಪ ಹೊತ್ತಿಗೆ ನನ್ನ ಡೀಸೆಲ್ ಕಾರಿನ ಮೀಟರ್ ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಗಾಡಿಯ ಎಳೆತ ಒಮ್ಮೆಲೇ ಕುಸಿದು, ಎಷ್ಟು ಒತ್ತಿದರೂ ವೇಗ ನಲವತ್ತರ ಮೇಲೆ ಹೋಗಲಿಲ್ಲ. ದಾರಿಯಲ್ಲಿ ಸಿಕ್ಕ ಗ್ಯಾರೇಜಿನ ಮಿಸ್ತ್ರಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವೊಂದನ್ನು ಸ್ಟೇರಿಂಗ್ ಕೆಳಗೆ ಚುಚ್ಚಿ ದೀಪ ಆರಿಸಿಕೊಟ್ಟ. ಮರುದಿನ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದಾಗ ಅವರಿಗೆ ಯಾವ ದೋಷವೂ ಸಿಗಲಿಲ್ಲ. ಸಂಜೆ ಕೈಗೆ ಬಂದ ಬಿಲ್ಲಿನಲ್ಲಿ ತಪಾಸಣೆಗೆ, ಅಂದರೆ ಸ್ಕ್ಯಾನಿಂಗ್ ಚಾರ್ಜ್ ಎಂದು, 1,000 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ ಒಟ್ಟು 1,180 ರೂಪಾಯಿ ಎಂದಿತ್ತು.

"ಗಾಡಿ ವಾರಂಟಿದಾಗ ಅದ ಖರೆ ಸರ್, ಆದ್ರ ಫಾಲ್ಟ್ ಸಿಗಲಿಲ್ಲಂದ್ರ ಕಂಪನಿಯವ್ರು ನಮಗ ರೊಕ್ಕ ಕೊಡಂಗಿಲ್ರಿ. ನೀವೇ ಸೈನ್ ಮಾಡೀರಿ ನೋಡ್ರಿ" ಎಂದು ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನ (ಗಾಡಿ ಬಿಡುವಾಗ ದೂರು ಮತ್ತು ಕೆಲಸ ಬರೆದು ಸಹಿ ಪಡೆಯುವ ಕಾಗದ) ಕೆಳಭಾಗ ತೋರಿಸಿದರು. ಸಣ್ಣ ಅಕ್ಷರಗಳ ಸಾಲಿನ ಕೆಳಗೆ ನನ್ನದೇ ಸಹಿಯಿತ್ತು. ಅವರು ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ವಾರಂಟಿ ಗಾಡಿಯ ತಪಾಸಣಾ ಶುಲ್ಕದ ತಕರಾರು ಬಿಲ್ ಕೌಂಟರಿನಲ್ಲಿ ಹುಟ್ಟಿದಂತೆ ಕಂಡರೂ ಅದು ತೀರ್ಮಾನವಾಗಿರುವುದು ಬೆಳಿಗ್ಗೆ ಜಾಬ್ ಕಾರ್ಡಿಗೆ ಸಹಿ ಬಿದ್ದ ಗಳಿಗೆಯಲ್ಲೇ. ಈ ಬರಹದ ಬಹುಭಾಗ ಆ ಸಹಿಗೆ ಮುಂಚಿನ ಕೆಲಸಗಳನ್ನು ಕುರಿತೇ ಇರುವುದು ಅದಕ್ಕಾಗಿಯೇ.

ಶುಲ್ಕ ಏಕೆ ಕೇಳುತ್ತಾರೆ

ವಾರಂಟಿ ಕೊಡುವುದು ಗಾಡಿ ತಯಾರಿಸಿದ ಕಂಪನಿ. ಕೆಲಸ ಮಾಡಿಕೊಡುವುದು ಡೀಲರ್. ದೋಷಪೂರಿತ ಭಾಗವನ್ನು ಬದಲಿಸಿದ ಮೇಲೆ ಡೀಲರ್ ಆ ದೋಷದ ಕೋಡ್, ತೆಗೆದ ಭಾಗದ ವಿವರ ಮತ್ತು ಆ ಕೆಲಸಕ್ಕೆ ಕಂಪನಿ ನಿಗದಿಪಡಿಸಿದ ಲೇಬರ್ ಸಮಯವನ್ನು ಸೇರಿಸಿ ಕ್ಲೇಮ್ ಕಳಿಸುತ್ತಾನೆ. ಒಪ್ಪಿಗೆಯಾದರೆ ಹಣ ಕಂಪನಿಯಿಂದ ಬರುತ್ತದೆ. ದೋಷ ಸಿಗದಿದ್ದರೆ, ಅಥವಾ ಸಿಕ್ಕ ದೋಷ ಇಲಿ ಕಡಿದ ವೈರು, ಕಲಬೆರಕೆ ಡೀಸೆಲ್, ಅಪಘಾತದ ಪೆಟ್ಟು ಮುಂತಾದ ಹೊರಗಿನ ಕಾರಣದ್ದಾಗಿದ್ದರೆ, ತಂತ್ರಜ್ಞ ಕಳೆದ ಆ ಒಂದೆರಡು ತಾಸಿಗೆ ಕಂಪನಿ ಹಣ ಕೊಡುವುದಿಲ್ಲ. ಆ ನಷ್ಟ ತನ್ನ ಮೇಲೆ ಬೀಳದಿರಲೆಂದು ಡೀಲರ್ ನಿಮ್ಮಿಂದ ಮೊದಲೇ ಒಪ್ಪಿಗೆ ಪಡೆಯುತ್ತಾನೆ. ಇಷ್ಟರಮಟ್ಟಿಗೆ ಅವನ ವಾದ ನ್ಯಾಯವಾದದ್ದೇ ಎಂದು ನಾನು ಭಾವಿಸುತ್ತೇನೆ. ಅನ್ಯಾಯ ಶುರುವಾಗುವುದು ದೋಷ ವಾರಂಟಿಯೊಳಗಿನದೆಂದು ಗೊತ್ತಾಗಿ ಕಂಪನಿಯಿಂದ ಕ್ಲೇಮ್ ಪಡೆದ ಮೇಲೂ ಅದೇ ತಪಾಸಣೆಗೆ ಗ್ರಾಹಕನಿಂದ ಮತ್ತೊಮ್ಮೆ ಹಣ ವಸೂಲಿ ಮಾಡಿದಾಗ, ಇಲ್ಲವೇ ಶುಲ್ಕದ ಮಾತನ್ನೇ ಎತ್ತದೆ ಸಂಜೆ ಬಿಲ್ಲಿನಲ್ಲಿ ಸೇರಿಸಿದಾಗ.

ಮೊದಲ ಹೆಜ್ಜೆ: ಮನೆಯಲ್ಲೇ ವಾರಂಟಿ ಪುಸ್ತಕ ಓದುವುದು

ಗಾಡಿಯ ಜೊತೆ ಬಂದ ವಾರಂಟಿ ಪುಸ್ತಕದಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು. ಅವಧಿ ವರ್ಷ ಮತ್ತು ಕಿಲೋಮೀಟರ್ ಎರಡರಲ್ಲೂ ಇದ್ದರೆ, ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಗೆ ವಾರಂಟಿ ಮುಗಿಯಿತು ಎಂದರ್ಥ. ವಾರಂಟಿ ಅನ್ವಯಿಸದ ಭಾಗಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ರಬ್ಬರ್, ಬಲ್ಬ್, ಫ್ಯೂಸ್, ಆಯಿಲ್, ಕೂಲಂಟ್, ಫಿಲ್ಟರ್‌ಗಳಿರುತ್ತವೆ. ಟಯರ್ ಮತ್ತು ಬ್ಯಾಟರಿಗೆ ಅವುಗಳನ್ನು ತಯಾರಿಸಿದವರ ವಾರಂಟಿ ಬೇರೆಯೇ ಇರುತ್ತದೆ. ಮೂರನೆಯದು ಸರ್ವಿಸ್ ದಾಖಲೆ: ನಿಗದಿತ ಸರ್ವಿಸ್‌ಗಳನ್ನು ಸಮಯಕ್ಕೆ ಮಾಡಿಸಿದ್ದಕ್ಕೆ ಬಿಲ್ಲು ಅಥವಾ ಮುದ್ರೆ ಇಲ್ಲದಿದ್ದರೆ ಕ್ಲೇಮ್ ನಿರಾಕರಿಸಲು ಅದೇ ಮೊದಲ ಕಾರಣವಾಗುತ್ತದೆ.

ನಮ್ಮ ಭಾಗದವರಿಗೆ ಇಲ್ಲೊಂದು ಮಾತು ವಿಶೇಷವಾಗಿ ಹೇಳಬೇಕು. ಬೇಸಿಗೆಯಲ್ಲಿ ಎಂಜಿನ್ ಕಾದಾಗ ರೇಡಿಯೇಟರಿಗೆ ಬೋರಿನ ಗಡಸು ನೀರು ಸುರಿಯುವ ರೂಢಿ ಇದೆ. ಆ ನೀರಿನ ಸುಣ್ಣ ಒಳಗೆ ಕಟ್ಟಿಕೊಂಡು, ಕೂಲಂಟಿನ ಬಣ್ಣವೂ ಮಾಸಿ, ತಪಾಸಣೆಯಲ್ಲಿ ಕಣ್ಣಿಗೆ ಕಾಣುತ್ತದೆ. ಆಮೇಲೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಸೀಲು) ಹೋದರೂ "ನಿರ್ವಹಣೆಯ ಲೋಪ" ಎಂದು ಬರೆದು ಕ್ಲೇಮ್ ತಳ್ಳಿಹಾಕಲು ದಾರಿಯಾಗುತ್ತದೆ. ಅನಿವಾರ್ಯವಾಗಿ ನೀರು ಹಾಕಿದ್ದರೆ ಊರು ತಲುಪಿದ ಕೂಡಲೇ ಸರಿಯಾದ ಕೂಲಂಟ್ ಬದಲಿಸಿ ಬಿಲ್ಲು ಇಟ್ಟುಕೊಳ್ಳಿ. ತೊಗರಿ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಬಾನೆಟ್ ತೆಗೆದು ವೈರುಗಳನ್ನು ಆಗಾಗ ನೋಡುತ್ತಿರಬೇಕು. ಇಲಿ ಕಡಿತಕ್ಕೆ ವಾರಂಟಿ ಇಲ್ಲ; ಅದಕ್ಕೆ ವಿಮಾ ಪಾಲಿಸಿಯ ನಿಬಂಧನೆಗಳನ್ನೇ ಓದಿ ನೋಡಬೇಕು.

ವಿಸ್ತೃತ ವಾರಂಟಿ ಕೊಂಡಿದ್ದರೆ ಅದರ ಕಾಗದ ಬೇರೆಯೇ ಇರುತ್ತದೆ. ಅದನ್ನು ಕೊಡುವವರು ಕೆಲವೊಮ್ಮೆ ತಯಾರಕರೇ ಅಲ್ಲದೆ ಬೇರೊಂದು ಸಂಸ್ಥೆಯವರೂ ಆಗಿರಬಹುದು. ಎಂಜಿನ್ ಬಿಚ್ಚಿ ನೋಡುವ ಖರ್ಚು ಕ್ಲೇಮ್ ತಿರಸ್ಕೃತವಾದರೆ ಯಾರ ಮೇಲೆ ಬೀಳುತ್ತದೆ ಎಂಬ ಷರತ್ತನ್ನು ಅದರಲ್ಲಿ ಹುಡುಕಿ ಗೆರೆ ಎಳೆದಿಟ್ಟುಕೊಳ್ಳಿ. ಕಂಪನಿಯೇ ಹಿಂಪಡೆಯುವಿಕೆ (ರೀಕಾಲ್) ಘೋಷಿಸಿದ ದೋಷವಾದರೆ ಲೆಕ್ಕವೇ ಬೇರೆ. ಕಂಪನಿ ಘೋಷಿಸಿದ ಪರೀಕ್ಷೆ ಮತ್ತು ದುರಸ್ತಿ ಸಾಮಾನ್ಯವಾಗಿ ವಾರಂಟಿ ಮುಗಿದ ಗಾಡಿಗೂ ಉಚಿತವಾಗಿರುತ್ತವೆ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಕೊಟ್ಟು ಕಂಪನಿಯ ಜಾಲತಾಣದಲ್ಲಿ ಇಲ್ಲವೇ ಸಹಾಯವಾಣಿಯಲ್ಲಿ ಇದನ್ನು ಮೊದಲೇ ವಿಚಾರಿಸಬಹುದು.

ಎರಡನೆಯ ಹೆಜ್ಜೆ: ದೋಷದ ಸಾಕ್ಷ್ಯವನ್ನು ಕಾಯ್ದುಕೊಳ್ಳುವುದು

ನಾನು ಎಡವಿದ್ದು ಇಲ್ಲಿಯೇ. ಎಂಜಿನ್ ದೀಪ ಹೊತ್ತಿದಾಗ ಗಾಡಿಯ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟುಕೊಳ್ಳುತ್ತದೆ. ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ದೋಷಗಳಲ್ಲಿ ಅದರ ಜೊತೆಗೆ ಆ ಕ್ಷಣದ ಎಂಜಿನ್ ಸುತ್ತು, ಗಾಡಿಯ ವೇಗ, ಕೂಲಂಟಿನ ಉಷ್ಣಾಂಶ, ಎಂಜಿನ್ ಮೇಲಿನ ಹೊರೆ ಮುಂತಾದ ವಿವರಗಳನ್ನೂ ಹಿಡಿದಿಡುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಉದಾಹರಣೆಗೆ ಪಿ0087 ಎಂಬ ಕೋಡ್ ಡೀಸೆಲ್ ಗಾಡಿಯಲ್ಲಿ ಇಂಧನ ರೈಲಿನ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆ) ಒತ್ತಡ ತೀರ ಕಡಿಮೆಯಾಗಿದೆ ಎಂದು ಹೇಳಿದರೆ, ಪಿ0300 ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯದೆ ಅಲ್ಲಲ್ಲಿ ಹೊಡೆತ ತಪ್ಪುತ್ತಿದೆ ಎನ್ನುತ್ತದೆ. ಮಿಸ್ತ್ರಿ ದೀಪ ಆರಿಸುವುದೆಂದರೆ ಈ ಕೋಡನ್ನೂ ಅದರ ಜೊತೆಗಿನ ವಿವರಗಳನ್ನೂ ಅಳಿಸುವುದು. ಅನೇಕ ಗಾಡಿಗಳಲ್ಲಿ ಬ್ಯಾಟರಿ ಟರ್ಮಿನಲ್ ಕಳಚಿದರೂ ಇದೇ ಆಗುತ್ತದೆ. ಅಳಿಸಿದ ಮೇಲೆ ಸರ್ವಿಸ್ ಸೆಂಟರಿನವರು ಯಂತ್ರ ಹಚ್ಚಿದರೆ ಖಾಲಿ ಪರದೆ ಕಾಣುತ್ತದೆ, "ದೋಷ ಕಂಡುಬಂದಿಲ್ಲ" ಎಂದು ಬರೆಯುತ್ತಾರೆ, ಶುಲ್ಕ ನಿಮ್ಮ ಹೆಗಲೇರುತ್ತದೆ.

ಆದ್ದರಿಂದ ದಾರಿಯಲ್ಲಿ ಯಾರಾದರೂ ಸಹಾಯಕ್ಕೆ ಬಂದರೆ, ಕೋಡ್ ಓದಲು ಬಿಡಿ, ಅದರ ಫೋಟೊ ತೆಗೆದುಕೊಳ್ಳಿ, ಅಳಿಸಲು ಮಾತ್ರ ಬಿಡಬೇಡಿ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ಓದುವ ಚಿಕ್ಕ ಅಡಾಪ್ಟರುಗಳು ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ. ವಾರಂಟಿ ಗಾಡಿ ಇರುವವರು ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ದೀಪ ತಾನಾಗಿ ಆರಿದರೂ ನಿರಾಶರಾಗಬೇಕಿಲ್ಲ. ಸತತ ಮೂರು ಓಡಾಟಗಳಲ್ಲಿ ದೋಷ ಮರುಕಳಿಸದಿದ್ದರೆ ದೀಪ ಆರುವುದು ಸಹಜ, ಆದರೆ ಕೋಡ್ ಸಾಮಾನ್ಯವಾಗಿ ಎಂಜಿನ್ 40 ಬಾರಿ ಬಿಸಿಯಾಗಿ ತಣಿಯುವವರೆಗೆ ಉಳಿದಿರುತ್ತದೆ. ಅಷ್ಟರೊಳಗೆ ಗಾಡಿಯನ್ನು ಒಯ್ಯಬೇಕು. ದೀಪ ಮಿನುಗುತ್ತಿದ್ದರೆ ಮಾತ್ರ ಗಾಡಿಯನ್ನು ಓಡಿಸಲೇಬೇಡಿ. ಕಂಪನಿಯ ರಸ್ತೆ ಸಹಾಯವಾಣಿಗೆ ಕರೆ ಮಾಡಿ, ಏಕೆಂದರೆ ದೋಷವಿದ್ದೂ ಓಡಿಸಿದಿರಿ ಎಂಬ ಕಾರಣಕ್ಕೆ ಮುಂದಿನ ಹಾನಿಯ ಕ್ಲೇಮ್ ಬಿದ್ದುಹೋಗಬಹುದು.

ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಬರುವ ಕಟಕಟ ಸದ್ದು, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ನಿಲ್ಲುವ ಏಸಿ, ಇಂಥವುಗಳಿಗೆ ವಿಡಿಯೋ ಬೇಕು. ಒಂದೇ ವಿಡಿಯೋದಲ್ಲಿ ಮೀಟರಿನ ಕಿಲೋಮೀಟರ್, ಹೊತ್ತಿರುವ ದೀಪ, ಸದ್ದು ಮೂರೂ ಸೇರಲಿ. ಅದರ ಜೊತೆಗೆ ಒಂದು ಚೀಟಿಯಲ್ಲಿ ದಿನಾಂಕ, ಸಮಯ, ರಸ್ತೆ, ವೇಗ, ಎಷ್ಟು ಹೊತ್ತು ಓಡಿಸಿದ ಮೇಲೆ ಬಂತು ಎಂಬುದನ್ನು ಬರೆದಿಟ್ಟರೆ ತಂತ್ರಜ್ಞನ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಹುಡುಕಾಟ ಕಡಿಮೆಯಾದಷ್ಟೂ ಶುಲ್ಕದ ಪ್ರಶ್ನೆಯೂ ಸಣ್ಣದಾಗುತ್ತದೆ.

ಮೂರನೆಯ ಹೆಜ್ಜೆ: ಹೋಗುವ ಮುನ್ನ ವಾಟ್ಸ್‌ಆ್ಯಪ್‌ನಲ್ಲಿ ಕೇಳುವುದು

ಬೀದರ ಅಥವಾ ಯಾದಗಿರಿಯ ಕಡೆಯಿಂದ ನಿಮ್ಮ ಕಂಪನಿಯ ಸರ್ವಿಸ್ ಸೆಂಟರ್ ಹುಡುಕಿಕೊಂಡು ಕಲಬುರಗಿಗೆ ಬರಬೇಕಾದವರಿಗೆ ಇದು ತೀರ ಮುಖ್ಯ. ಫೋನಿನ ಮಾತು ಗಾಳಿಗೆ ಹೋಗುತ್ತದೆ. ಗಾಡಿಯ ನಂಬರ್, ಕಿಲೋಮೀಟರ್, ತೊಂದರೆಯ ವಿವರ ಕೊಟ್ಟು, ತಪಾಸಣಾ ಶುಲ್ಕ ಎಷ್ಟು, ದೋಷ ವಾರಂಟಿಯೊಳಗಿನದಾದರೆ ಅದು ಮನ್ನಾ ಆಗುತ್ತದೆಯೇ, ದೋಷ ಸಿಗದಿದ್ದರೆ ಎಷ್ಟು ಕೊಡಬೇಕು ಎಂದು ಬರೆದು ಕೇಳಿ. ಉತ್ತರ ಬರದಿದ್ದರೂ ನೀವು ಕೇಳಿದ್ದು ದಾಖಲೆಯಾಗಿ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಜಾಬ್ ಕಾರ್ಡ್

ಈಗಿನ ಸರ್ವಿಸ್ ಸೆಂಟರುಗಳಲ್ಲಿ ಅಡ್ವೈಸರ್ ಕೈಯಲ್ಲಿ ಟ್ಯಾಬ್ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬೆರಳಿನಲ್ಲೇ ಸಹಿ ಮಾಡಿಸಿಕೊಳ್ಳುತ್ತಾರೆ, ಅಥವಾ ಮೊಬೈಲಿಗೆ ಬಂದ ಒಟಿಪಿ ಕೇಳುತ್ತಾರೆ. ಆ ಒಟಿಪಿಯೂ ಸಹಿಯೇ. ಅವಸರ ಮಾಡದೆ, ಪರದೆಯನ್ನು ನಿಮ್ಮ ಕಡೆ ತಿರುಗಿಸಿಕೊಂಡು ಓದಬೇಕು. ಹಿಂದೆ ಸಾಲು ನಿಂತಿದೆ ಎಂದು ಸಂಕೋಚಪಡುವ ಅಗತ್ಯವಿಲ್ಲ.

ದೂರಿನ ಸಾಲು ನಿಮ್ಮ ಮಾತಿನಲ್ಲೇ ಇರಬೇಕು. "ಜನರಲ್ ಚೆಕಪ್" ಎಂದು ಬರೆದರೆ ಅದು ಹಣ ಕೊಟ್ಟು ಮಾಡಿಸುವ ಕೆಲಸವಾಗುತ್ತದೆ. "ಮಳಖೇಡದ ಬಳಿ ಎಂಜಿನ್ ದೀಪ ಹೊತ್ತಿ ಎಳೆತ ಕಡಿಮೆಯಾಯಿತು, ವಾರಂಟಿ ದೂರು" ಎಂದು ಬರೆದರೆ ಅದು ವಾರಂಟಿ ಕೆಲಸದ ಆರಂಭವಾಗುತ್ತದೆ. ಗಾಡಿಯನ್ನು ಸರ್ವಿಸ್‌ಗೂ ಬಿಟ್ಟಿದ್ದರೆ ಎರಡು ಕೆಲಸಗಳಿಗೆ ಎರಡು ಪ್ರತ್ಯೇಕ ಸಾಲು ಹಾಕಿಸಿ. ಅದರ ಕೆಳಗೆ ಈ ವಾಕ್ಯವನ್ನು ಸೇರಿಸಲು ಹೇಳಿ:

"ದೋಷ ವಾರಂಟಿ ವ್ಯಾಪ್ತಿಯದೆಂದು ಕಂಡುಬಂದರೆ ತಪಾಸಣೆ, ಬಿಚ್ಚುವಿಕೆ ಮತ್ತು ಜೋಡಣೆಗೆ ಗ್ರಾಹಕರಿಂದ ಶುಲ್ಕವಿಲ್ಲ. ಇಲ್ಲವಾದರೆ ತಪಾಸಣಾ ಶುಲ್ಕ ಜಿಎಸ್‌ಟಿ ಸೇರಿ ರೂ. ____ ಮೀರುವುದಿಲ್ಲ. ಇದಕ್ಕಿಂತ ಮುಂದಿನ ಕೆಲಸಕ್ಕೆ ಗ್ರಾಹಕರ ಲಿಖಿತ ಒಪ್ಪಿಗೆ ಪಡೆಯಲಾಗುವುದು."

ಅಡ್ವೈಸರ್ "ಸಿಸ್ಟಮ್‌ನಾಗ ಹಂಗ ಬರಿಯಾಕ ಜಾಗ ಇಲ್ರಿ" ಎನ್ನಬಹುದು. ಗ್ರಾಹಕರ ಅಭಿಪ್ರಾಯ ಅಥವಾ ಷರಾ ಬರೆಯುವ ಜಾಗದಲ್ಲಿ ಹಾಕಿಸಿ. ಅದೂ ಆಗದಿದ್ದರೆ ಮುದ್ರಿತ ಪ್ರತಿಯ ಮೇಲೆ ಪೆನ್ನಿನಿಂದ ಬರೆದು, ಅವರ ಸಣ್ಣ ಸಹಿ ಪಡೆದು, ಫೋಟೊ ತೆಗೆದು, ಅಲ್ಲಿಯೇ ನಿಂತು ಅವರ ವಾಟ್ಸ್‌ಆ್ಯಪ್‌ಗೆ ಕಳಿಸಿ. ನನ್ನ ಗಾಡಿಯ ದೀಪ ಹನ್ನೆರಡು ದಿನಗಳ ನಂತರ ಮತ್ತೆ ಹೊತ್ತಿದಾಗ ನಾನು ಹೀಗೆಯೇ ಮಾಡಿದೆ. ಅದೇ ಸೆಂಟರ್, ಅದೇ ಅಡ್ವೈಸರ್. ಈ ಬಾರಿ ಕೋಡ್ ಇತ್ತು, ಫ್ರೀಜ್ ಫ್ರೇಮ್ ಇತ್ತು, ಮೊಬೈಲಿನಲ್ಲಿ ವಿಡಿಯೋ ಇತ್ತು. ಇಂಧನ ರೈಲಿನ ಒತ್ತಡದ ಸೆನ್ಸರ್ ಬದಲಿಸಿದರು. ಬಿಲ್ಲಿನ ಮೊತ್ತ ಸೊನ್ನೆ ಬಂತು. ಎರಡು ಭೇಟಿಗೂ ಕಾರಣ ಒಂದೇ ದೋಷವೆಂದು ತೋರಿಸಿ ಸರ್ವಿಸ್ ಮ್ಯಾನೇಜರರಿಗೆ ಪತ್ರ ಕೊಟ್ಟ ಮೇಲೆ ಮೊದಲಿನ 1,180 ರೂಪಾಯಿ ಸಹ ಮರಳಿತು.

ಎಂಜಿನ್ ಅಥವಾ ಗೇರ್‌ಬಾಕ್ಸ್ ಬಿಚ್ಚಬೇಕೆಂದಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಬಿಚ್ಚಿದ ಮೇಲೆ ಕ್ಲೇಮ್ ನಿರಾಕರಣೆಯಾದರೆ ಮತ್ತೆ ಜೋಡಿಸುವ ಲೇಬರ್ ಕೂಡ ನಿಮ್ಮ ತಲೆಗೆ ಬರುತ್ತದೆ, ಗಾಡಿಯನ್ನು ಬೇರೆಡೆಗೆ ಒಯ್ಯುವ ಸ್ಥಿತಿಯಲ್ಲೂ ಇರುವುದಿಲ್ಲ. ಬಿಚ್ಚುವ ಮೊದಲು ಎಸ್ಟಿಮೇಟ್ ಲಿಖಿತವಾಗಿ ಪಡೆಯಿರಿ, ಕಂಪನಿಯ ಪ್ರಾದೇಶಿಕ ಸರ್ವಿಸ್ ಪ್ರತಿನಿಧಿಯ ಪೂರ್ವಾನುಮತಿ ಸಿಕ್ಕಿದೆಯೇ ಎಂದು ಕೇಳಿ, ಬಿಚ್ಚುವಾಗ ಹಾಜರಿರಲು ಅವಕಾಶ ಕೋರಿ.

ಐದನೆಯ ಹೆಜ್ಜೆ: ಫಲಿತಾಂಶ ಮತ್ತು ಬಿಲ್ಲು

ದೋಷ ವಾರಂಟಿಯದಾದರೆ ಬಿಲ್ಲಿನಲ್ಲಿ ನೀವು ಕೊಡಬೇಕಾದ ಮೊತ್ತ ಸೊನ್ನೆ ಇರಬೇಕು. 2023ರ ಜುಲೈ 17ರ ಜಿಎಸ್‌ಟಿ ಸುತ್ತೋಲೆ 195ರ ಪ್ರಕಾರ, ವಾರಂಟಿ ಅವಧಿಯಲ್ಲಿ ಗ್ರಾಹಕನಿಂದ ಪ್ರತ್ಯೇಕ ಹಣ ಪಡೆಯದೆ ಭಾಗ ಬದಲಿಸಿದರೆ ಅಥವಾ ದುರಸ್ತಿ ಮಾಡಿದರೆ ಅವನ ಮೇಲೆ ಜಿಎಸ್‌ಟಿ ಬೀಳುವುದಿಲ್ಲ. ಹೆಚ್ಚುವರಿ ಹಣ ಪಡೆದರೆ ಮಾತ್ರ ಆ ಹಣಕ್ಕೆ ತೆರಿಗೆ. ಹಾಗಾಗಿ ವಾರಂಟಿ ಕೆಲಸದ ಬಿಲ್ಲಿನಲ್ಲಿ ಜಿಎಸ್‌ಟಿಯ ಮೊತ್ತ ಕಂಡರೆ, ಯಾವುದೋ ಒಂದು ಸಾಲಿಗೆ ನಿಮ್ಮಿಂದ ಹಣ ಪಡೆದಿದ್ದಾರೆ ಎಂಬುದರ ಗುರುತು ಅದು. ಆ ಸಾಲನ್ನು ಹುಡುಕಿ ಕೇಳಿ. ಹಳೆಯ ಭಾಗ ವಾಪಸು ಕೇಳಿದರೆ ವಾರಂಟಿಯಲ್ಲಿ ಕೊಡುವುದಿಲ್ಲ, ಕಂಪನಿಯ ಪರಿಶೀಲನೆಗೆ ಅದು ಬೇಕಾಗುತ್ತದೆ. ಹಣ ಕೊಟ್ಟು ಬದಲಿಸಿದ ಭಾಗವನ್ನು ಮಾತ್ರ ಕೇಳಿ ಪಡೆಯಿರಿ.

ದೋಷ ಸಿಗದಿದ್ದಾಗ ಏನೇನು ಪರೀಕ್ಷೆ ಮಾಡಿದರು, ಎಷ್ಟು ಕಿಲೋಮೀಟರ್ ಓಡಿಸಿ ನೋಡಿದರು ಎಂಬ ವಿವರ ಜಾಬ್ ಕಾರ್ಡಿನಲ್ಲಿ ಬರಲಿ. ಅದೇ ದೂರು ಮರುಕಳಿಸಿದರೆ ಎರಡನೇ ಬಾರಿ ಶುಲ್ಕ ಕೊಡುವುದಿಲ್ಲ ಎಂದು ಷರಾ ಹಾಕಿಸಿ. ವಾರಂಟಿ ಅನ್ವಯಿಸದು ಎಂದರೆ ಕಾರಣ ಲಿಖಿತವಾಗಿ ಬೇಕು: ಯಾವ ಕೋಡ್, ಯಾವ ಭಾಗ, ಪುಸ್ತಕದ ಯಾವ ಷರತ್ತು, ಜೊತೆಗೆ ಫೋಟೊ. "ಹೊರಗೆ ಕೆಲಸ ಮಾಡಿಸೀರಿ, ವಾರಂಟಿ ಹೋಯ್ತು" ಎಂಬ ಒಂದೇ ಮಾತಿಗೆ ಒಪ್ಪಬೇಡಿ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ನೀಡಿದ ಆದೇಶದಲ್ಲಿ, ಸ್ವತಂತ್ರ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಹೇಳಿತ್ತು. ಆ ಆದೇಶ ಮೇಲ್ಮನವಿಗೆ ಹೋಗಿದ್ದರಿಂದ ಅದನ್ನು ಅಂತಿಮ ಕಾನೂನೆಂದು ಮುಂದಿಡಲಾಗದು, ಆದರೂ ನಿಮ್ಮ ಪತ್ರದಲ್ಲಿ ಉಲ್ಲೇಖಿಸಲು ಅದು ಗಟ್ಟಿಯಾದ ವಾದವೇ.

ಹಣದ ವಿಚಾರದಲ್ಲಿ ಜಗಳವಾಡಿ ಗಾಡಿಯನ್ನು ಅಲ್ಲಿಯೇ ಬಿಟ್ಟು ಬರುವುದು ಜಾಣತನವಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 170ನೇ ಕಲಮು, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವನಿಗೆ ತನ್ನ ನ್ಯಾಯವಾದ ಕೂಲಿ ಸಂದಾಯವಾಗುವವರೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ದಿನ ಕಳೆದಂತೆ ಪಾರ್ಕಿಂಗ್ ಬಾಡಿಗೆಯ ಮಾತೂ ಬರುತ್ತದೆ. ಬಿಲ್ಲಿನ ಮೇಲೆ "ಆಕ್ಷೇಪಣೆ ಸಹಿತ ಪಾವತಿ" ಎಂದು ಬರೆದು, ನಗದು ಬಿಟ್ಟು ಯುಪಿಐ ಅಥವಾ ಕಾರ್ಡಿನಲ್ಲಿ ಕೊಟ್ಟು, ಗಾಡಿ ತಂದುಕೊಂಡು, ಅಂದೇ ಸಂಜೆ ಈಮೇಲಿನಲ್ಲಿ ಆಕ್ಷೇಪಣೆ ಕಳಿಸಿ. ಬಿಲ್ಲು ಕೊಡಲು ನಿರಾಕರಿಸಿದರೆ ಅದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಆರನೆಯ ಹೆಜ್ಜೆ: ಮೇಲಿನವರಿಗೆ ದೂರು

ಮೊದಲು ಸರ್ವಿಸ್ ಮ್ಯಾನೇಜರ್, ಆಮೇಲೆ ಕಂಪನಿಯ ಗ್ರಾಹಕ ಸೇವಾ ವಿಭಾಗ. ಕಂಪನಿಗೆ ಬರೆಯುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಜಾಬ್ ಕಾರ್ಡಿನ ಮೇಲೆ ಡೀಲರ್ ನಿಮ್ಮಿಂದ ವಾರಂಟಿ ಲೇಬರ್ ಕ್ಲೇಮ್ ಪಡೆದಿದ್ದಾನೆಯೇ? ಎರಡೂ ಕಡೆ ಹಣ ಪಡೆದಿದ್ದರೆ ಈ ಪ್ರಶ್ನೆಗೆ ಅನೇಕ ವೇಳೆ ಮರುಪಾವತಿಯೇ ಉತ್ತರವಾಗಿ ಬರುತ್ತದೆ. ದೂರಿನ ಸಂಖ್ಯೆ ತೆಗೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.

ಕೊನೆಯದು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಗಾಡಿ ಕೊಂಡದ್ದು ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಆಗಿದ್ದರೂ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ದಾಖಲಿಸಲು 2019ರ ಅಧಿನಿಯಮ ಅವಕಾಶ ಕೊಟ್ಟಿದೆ. ಇದು ನಮ್ಮ ಗಡಿ ಭಾಗದವರಿಗೆ ದೊಡ್ಡ ಅನುಕೂಲ. ವಸ್ತುವಿಗೆ ಅಥವಾ ಸೇವೆಗೆ ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ. ಆ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ, 10ರಿಂದ 20 ಲಕ್ಷದವರೆಗೆ 400 ರೂಪಾಯಿ, ಅದರ ಮೇಲೆ 50 ಲಕ್ಷದವರೆಗೆ 1,000 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು, ಆನ್‌ಲೈನಿನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಡೀಲರ್ ಮತ್ತು ತಯಾರಿಕಾ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಜಾಬ್ ಕಾರ್ಡ್, ಬಿಲ್ಲು, ವಾರಂಟಿ ಪುಸ್ತಕದ ಪುಟ, ಕೋಡಿನ ಫೋಟೊ, ವಾಟ್ಸ್‌ಆ್ಯಪ್ ಸಂದೇಶಗಳು, ಕಂಪನಿಯ ಉತ್ತರ ಇವಿಷ್ಟನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಲಗತ್ತಿಸಿ.

ಬಾಡಿಗೆ ಗಾಡಿ, ತೊಗರಿ ಸಾಗಿಸುವ ಪಿಕಪ್, ಆಟೋ ಇಟ್ಟುಕೊಂಡವರು "ವಾಣಿಜ್ಯ ವಾಹನಕ್ಕೆ ಗ್ರಾಹಕ ಕಾನೂನು ಇಲ್ಲ" ಎಂಬ ಮಾತು ಕೇಳಿ ಹಿಂದೆ ಸರಿಯುವುದನ್ನು ನಾನು ಕಂಡಿದ್ದೇನೆ. ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡು ಸ್ವತಃ ಬಳಸುವ ವಾಹನದ ಮಾಲೀಕನನ್ನು ಕಾನೂನು ಗ್ರಾಹಕನೆಂದೇ ಪರಿಗಣಿಸುತ್ತದೆ. ಅಂಥವರು ದೂರಿನ ಮೊದಲ ಪ್ಯಾರಾದಲ್ಲೇ "ಈ ವಾಹನವನ್ನು ನಾನೇ ಚಲಾಯಿಸಿ, ಸ್ವಯಂ ಉದ್ಯೋಗದಿಂದ ಕುಟುಂಬ ಸಾಗಿಸುತ್ತಿದ್ದೇನೆ" ಎಂದು ಬರೆದು, ತಮ್ಮ ಹೆಸರಿನ ಡ್ರೈವಿಂಗ್ ಲೈಸೆನ್ಸ್ ಮತ್ತು ಆರ್‌ಸಿಯ ಪ್ರತಿಗಳನ್ನು ಅದಕ್ಕೆ ಲಗತ್ತಿಸಬೇಕು.